ಬೆಚ್ಚದ ಕೂಸು

ಹೊಸಪೇಟೆಯ ಕಿವಿ ಡಾಕ್ಟರ ಕ್ಲಿನಿಕ್ಕಿನಲ್ಲಿ ಕೂತಿದ್ದೇನೆ. ಪಕ್ಕದ ಕುರ್ಚಿಯಲ್ಲಿ ಒಂದು ಪುಟ್ಟ ಹುಡುಗಿ ಅಮ್ಮನ ಮೊಬೈಲು ಹಿಡಿದು ಆಟ ಆಡುತ್ತಿದ್ದಾಳೆ. ಪರದೆಯ ಮೇಲೆ ಒಂದು ಹಸು, ಒಂದು ಬಾತುಕೋಳಿ, ಒಂದು ಆನೆ. ಸಕ್ಕರೆ ಸುರಿದ ಇಂಗ್ಲಿಷಿನಲ್ಲಿ ಒಂದು ಹೆಣ್ಣು ದನಿ ಆನೆ ಎಲ್ಲಿದೆ ಎಂದು ಕೇಳುತ್ತದೆ. ಹುಡುಗಿ ಸರಿಯಾದ ಕಡೆ ಬೆರಳಿಟ್ಟರೆ ಚಪ್ಪಾಳೆ ಬೀಳುತ್ತದೆ. ಅಷ್ಟೇ. ಅಷ್ಟಕ್ಕೇ ನನ್ನ ಕೈಕಾಲು ತಣ್ಣಗಾಗಿವೆ. ಹಾವು, ಚೇಳು, ಕತ್ತಲೆಗೆ ಹೆದರುವವರನ್ನು ನೀವು ನೋಡಿರುತ್ತೀರಿ. ಮಕ್ಕಳ ಆಟದ ಚಪ್ಪಾಳೆಗೆ ಹೆದರುವ ಹೆಂಗಸನ್ನು ಬಹುಶಃ ಇವತ್ತೇ ನೋಡುತ್ತಿರುವುದು.

ಒಳಗಿನ ಕೋಣೆಯಲ್ಲಿ ನನ್ನ ಮೊಮ್ಮಗನ ಕಿವಿಯ ಪರೀಕ್ಷೆ ನಡೆಯುತ್ತಿದೆ. ಹುಟ್ಟಿ ಇನ್ನೂ ತಿಂಗಳು ತುಂಬಿಲ್ಲ. ಮಗು ನಿದ್ದೆಯಲ್ಲಿರುವಾಗಲೇ ಕಿವಿಗೆ ಸಣ್ಣದೊಂದು ಕೊಳವೆ ಇಟ್ಟು ನೋಡುತ್ತಾರಂತೆ. ಮಗಳು ಪಂಪಾ ಮತ್ತು ಅಳಿಯ ಜೊತೆಗಿದ್ದಾರೆ. ಇಬ್ಬರಿಗೂ ಕಿವಿ ಕೇಳುವುದಿಲ್ಲ. ಕೇಳುವ ನನ್ನನ್ನು ಮಾತ್ರ ಹೊರಗೆ ಕಳಿಸಿದ್ದಾರೆ. "ಅಮ್ಮಾರ, ನೀವು ಭಾಳ ಒದ್ದಾಡಾಕತ್ತೀರಿ. ನಿಮ್ಮ ಬಳಿ ಸಪ್ಪಳಕ್ಕ ಕೂಸು ಏಳತೈತಿ, ಹೊರಗ ಕುಂದ್ರಿ" ಎಂದು ನರ್ಸು ಗದರಿಸಿದಳು. ನನ್ನ ಬಳೆಯ ಸದ್ದಿಗೆ ಆ ಕೂಸು ಏಳುವುದಾದರೆ ಈ ಪರೀಕ್ಷೆಯೇ ಬೇಕಿರಲಿಲ್ಲವಲ್ಲ ತಾಯಿ, ಬೆಳಗಿನಿಂದ ನಾನು ಬೇಡಿಕೊಳ್ಳುತ್ತಿರುವುದಾದರೂ ಅದನ್ನೇ ಅಲ್ಲವೇ ಎಂದು ಹೇಳಬೇಕೆನಿಸಿತು. ಬಳೆಗಳನ್ನು ಮೇಲಕ್ಕೆ ಏರಿಸಿಕೊಂಡು ಹೊರಗೆ ಬಂದೆ.

ಕಾಯುವುದು ಎಂದರೆ ನನಗೆ ಆಗದು. ಸುಮ್ಮನೆ ಕೂತರೆ ತಲೆಗೆ ಬರಬಾರದ್ದೆಲ್ಲ ಬರುತ್ತದೆ. ನೀವು ಸ್ವಲ್ಪ ಹೊತ್ತು ಜೊತೆಗಿದ್ದರೆ ಆ ಚಪ್ಪಾಳೆಯ ಕಥೆಯನ್ನಾದರೂ ಹೇಳಿಬಿಡುತ್ತೇನೆ.

ಅದು ಗಣಿಗಳು ಉಬ್ಬರದಲ್ಲಿದ್ದ ಕಾಲ. ಸಂಡೂರಿನ ಗುಡ್ಡದ ಮೇಲೊಂದು ಗಣಿ ಕಾಲೊನಿಯಲ್ಲಿ ನಮ್ಮ ಮನೆ. ನನ್ನ ಯಜಮಾನರು ಅಲ್ಲಿ ಸರ್ವೇಯರ್. ಆಗ ನಮ್ಮ ಕಡೆ ಎಲ್ಲವೂ ಕೆಂಪು. ರಸ್ತೆ ಕೆಂಪು, ಎಮ್ಮೆ ಕೆಂಪು, ಒಗೆದು ಹಾಕಿದ ಬಿಳಿ ಪಂಚೆ ಒಣಗುವಷ್ಟರಲ್ಲಿ ಕೆಂಪು. ಅದಿರು ಹೊತ್ತ ಲಾರಿಗಳ ಸಾಲು ಸಂಡೂರಿನಿಂದ ಹೊಸಪೇಟೆಯವರೆಗೆ ಒಂದಕ್ಕೊಂದು ಮೂಗು ತಾಗಿಸಿಕೊಂಡು ನಿಂತಿರುತ್ತಿತ್ತು. ದುಡ್ಡು ಯಾರ್ಯಾರ ಮನೆಗೋ ಹೋಗುತ್ತಿತ್ತು, ಧೂಳು ಮಾತ್ರ ಎಲ್ಲರ ಮನೆಗೂ ಬರುತ್ತಿತ್ತು.

ಆ ಸಂಭ್ರಮದಲ್ಲೇ ನಮ್ಮ ಕಾಲೊನಿಯ ಹೆಂಗಸರಿಗೂ ಒಂದು ಹುಮ್ಮಸ್ಸು ಬಂತು. ಕ್ಲಬ್ಬಿನ ಹಿಂದಿನ ಕೇರಂ ಕೋಣೆಯನ್ನು ಖಾಲಿ ಮಾಡಿಸಿ, ಇನ್ನೂ ಸ್ಕೂಲಿಗೆ ಹೋಗದ ಮಕ್ಕಳಿಗಾಗಿ ಕಂಪ್ಯೂಟರುಗಳನ್ನು ತಂದಿಟ್ಟರು. ಎಂಜಿನಿಯರರೊಬ್ಬರ ಹೆಂಡತಿ ಶೈಲಾ ಮೇಡಂ ಟೀಚರು. ಹೊಸಪೇಟೆಯ ಹುಡುಗಿ, ಕಂಪ್ಯೂಟರ್ ಡಿಪ್ಲೊಮಾ ಮಾಡಿದವಳು, ಮೃದು ಸ್ವಭಾವದವಳು. ಆಟದ ಸಿ.ಡಿ.ಗಳು ಹೈದರಾಬಾದಿನಿಂದ ಬಂದವು. ಆಡುತ್ತ ಆಡುತ್ತ ಮಕ್ಕಳು ಬಣ್ಣ, ಆಕಾರ, ಎಣಿಕೆ ಎಲ್ಲ ಕಲಿಯುತ್ತವೆ ಎಂದು ಡಬ್ಬಿಯ ಮೇಲೆ ಬರೆದಿತ್ತು. ನಮ್ಮಲ್ಲಿ ಯಾರೂ ಮೌಸು ಮುಟ್ಟಿದವರಲ್ಲ. ಮಗಳ ಜೊತೆ ಬಂದ ನಾನು ಮೊದಲ ದಿನ ಅದನ್ನು ಪರದೆಯ ಮೇಲೇ ಇಟ್ಟು ಒತ್ತಿದೆ. ಮಕ್ಕಳು ನಕ್ಕವು.

ಧೂಳು ಅಲ್ಲಿಗೂ ಬಂತು. ಆಗಿನ ಮೌಸಿನ ಹೊಟ್ಟೆಯಲ್ಲಿ ಒಂದು ರಬ್ಬರ್ ಗುಂಡು ಇರುತ್ತಿತ್ತಲ್ಲ, ಅದಕ್ಕೆ ಅದಿರಿನ ಪುಡಿ ಮೆತ್ತಿ ಬಾಣ ಪರದೆಯ ಮೂಲೆಯಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಗುಂಡು ಬಿಚ್ಚಿ, ಒಳಗಿನ ಕೆಂಪು ಕೊಳೆಯನ್ನು ಪಿನ್ನಿನಿಂದ ಕೆರೆದು ತೆಗೆಯುವ ಕೆಲಸ ನನ್ನದಾಯಿತು. ಹಾಗಾಗಿ ಬೇರೆ ಅಮ್ಮಂದಿರು ಮಕ್ಕಳನ್ನು ಬಿಟ್ಟು ಹೋದರೂ ನಾನು ಅಲ್ಲೇ ಉಳಿಯುತ್ತಿದ್ದೆ. ಗಿಡಕ್ಕೆ ಬಣ್ಣ ತುಂಬುವ ಆಟದಲ್ಲಿ ನಮ್ಮ ಪಕ್ಕದ ಮನೆಯ ಹುಡುಗಿ ಎಲೆಗೆಲ್ಲ ಕೆಂಪು ಬಳಿದಳು. ಕಂಪ್ಯೂಟರು ತಪ್ಪು ಎಂದಿತು. "ಎಲಿ ಕೆಂಪಗ ಇರತಾವಲ್ರಿ ಮಿಸ್, ಬೇಕಾದ್ರ ಹೊರಗ ನೋಡ್ರಿ" ಎಂದಳು. ಶೈಲಾ ಮೇಡಂ ಕಿಟಕಿಯ ಕಡೆ ನೋಡಿ, ಮುಂದಿನ ಆಟ ಹಾಕಿಕೊಟ್ಟರು.

ನಮ್ಮ ಪಂಪಾಗೆ ಆಗ ನಾಲ್ಕನೆಯ ವರ್ಷ. ಮಾತು ಬಂದಿರಲಿಲ್ಲ. ಆ, ಊ ಎನ್ನುತ್ತಿದ್ದಳು, ನಗುತ್ತಿದ್ದಳು, ಏನು ಬೇಕಾದರೂ ಕೈ ಹಿಡಿದು ಎಳೆದುಕೊಂಡು ಹೋಗಿ ತೋರಿಸುತ್ತಿದ್ದಳು. ನಮ್ಮತ್ತೆ ಬಂಡ್ರಿಯವರು. ಅವರು ದಿನಾ ಬೆಳಿಗ್ಗೆ ಬಜೆ ತೇಯ್ದು ಜೇನುತುಪ್ಪದಲ್ಲಿ ಕಲಸಿ ಅವಳ ನಾಲಿಗೆಗೆ ಹಚ್ಚುತ್ತಿದ್ದರು. "ನಿನ್ನ ಗಂಡನೂ ತಡಾ ಮಾಡೇ ಮಾತಾಡಿದ್ದವ್ವ. ಈಗ ನೋಡು, ಬಾಯಿ ಮುಚ್ಚಂದ್ರೂ ಮುಚ್ಚಂಗಿಲ್ಲ" ಎಂದು ಸಮಾಧಾನ ಹೇಳುತ್ತಿದ್ದರು. ಬಂದವರು ಹೋದವರು ಮಾತು ಬೆಳ್ಳಿ, ಮೌನ ಬಂಗಾರ ಎಂದು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಆದರೆ ನನ್ನೊಳಗೆ ಒಂದು ಹೆದರಿಕೆ ಆಗಲೇ ಮನೆ ಮಾಡಿತ್ತು, ಅದಕ್ಕೊಂದು ಮುಖವೂ ಇತ್ತು.

ಆ ಮುಖ ಕಂಪ್ಲಿಯ ನಮ್ಮ ದೊಡ್ಡಪ್ಪನ ಮಗನದು. ಮಾತು ಬಾರದ ಅವನನ್ನು ಇಡೀ ಊರು ಮೊದ್ದು ಎಂದೇ ಕರೆಯುತ್ತಿತ್ತು. ಶಾಲೆಗೆ ಕಳಿಸಲಿಲ್ಲ. ಮೀಸೆ ಬಂದ ಮೇಲೂ ಹೊಸ್ತಿಲ ಮೇಲೆ ಕೂತು ಹೋಗುವ ಬರುವ ಭತ್ತದ ಗಾಡಿಗಳನ್ನು ನೋಡುತ್ತಿದ್ದ. ಮಕ್ಕಳಾದ ನಾವು ಹಿಂದಿನಿಂದ ಹೋಗಿ ಕೂಗಿದರೂ ತಿರುಗುತ್ತಿರಲಿಲ್ಲ, ಸೊಕ್ಕು ಅನ್ನುತ್ತಿದ್ದೆವು. ಅವನ ಬುದ್ಧಿಗೆ ಏನಾಗಿತ್ತೋ, ಕಿವಿಗೆ ಏನಾಗಿತ್ತೋ, ಯಾರು ನೋಡಿದ್ದರು? ಹಾಗೇ ಕೂತು ಕೂತು ಹೋದ. ನನ್ನ ಮಗಳು ಸುಮ್ಮನೆ ಬಾಗಿಲ ಬಳಿ ಕೂತರೂ ಸಾಕು, ನಾನು ಓಡಿಹೋಗಿ ಎತ್ತಿಕೊಂಡು ಒಳಗೆ ತರುತ್ತಿದ್ದೆ.

ಇಷ್ಟೆಲ್ಲ ಇದ್ದೂ ಅವಳ ಕಿವಿಯ ಮೇಲೆ ನಮಗೆ ಅನುಮಾನವೇ ಬರಲಿಲ್ಲ. ಯಾಕೆ ಬರಲಿಲ್ಲ ಎಂದು ಹೇಳಿದರೆ ನೀವು ನಂಬಲಿಕ್ಕಿಲ್ಲ. ಬೇರೆ ಊರಿನವರಾಗಿದ್ದರೆ ಈ ತಪ್ಪನ್ನು ಮಾಡುತ್ತಲೇ ಇರಲಿಲ್ಲ.

ನಮ್ಮ ಕಾಲೊನಿಯಲ್ಲಿ ಮಕ್ಕಳ ಧೈರ್ಯ ಅಳೆಯಲು ಒಂದು ಪದ್ಧತಿ ಇತ್ತು. ಮಧ್ಯಾಹ್ನ ಊಟದ ಹೊತ್ತು ಕಳೆದ ಮೇಲೆ ಗಣಿಯ ಕಡೆಯಿಂದ ಸೈರನ್ ಕೂಗುತ್ತಿತ್ತು. ಸ್ವಲ್ಪ ಹೊತ್ತಿಗೆ ಬ್ಲಾಸ್ಟಿಂಗು. ಮೊದಲು ನೆಲ ನಡುಗುತ್ತಿತ್ತು, ಹಿಂದೆಯೇ ಢಂ ಎನ್ನುವ ಸದ್ದು, ಆಮೇಲೆ ಅಡುಗೆಮನೆಯ ಸ್ಟ್ಯಾಂಡಿನಲ್ಲಿ ತಟ್ಟೆ ಲೋಟಗಳ ಗಲಗಲ. ಸೈರನ್ ಕೇಳಿದ್ದೇ ತಡ ಸಣ್ಣ ಮಕ್ಕಳು ಅಮ್ಮಂದಿರ ಸೆರಗು ಹುಡುಕಿಕೊಂಡು ಬರುತ್ತಿದ್ದವು. ಬಂದ ಮಗು ಪುಕ್ಕಲು. ಅತ್ತ ಮಗು ಮಹಾ ಪುಕ್ಕಲು. ನಮ್ಮ ಪಂಪಾ ಬರುತ್ತಿರಲಿಲ್ಲ, ಅಳುತ್ತಿರಲಿಲ್ಲ. ಕೂತಲ್ಲೇ ಕೂತು ಆಡಿಕೊಂಡಿದ್ದು, ನೆಲ ನಡುಗಿದಾಗ ಎರಡೂ ಅಂಗೈ ಊರಿ ಕಿಲಕಿಲ ನಗುತ್ತಿದ್ದಳು. ಕೇಳದ ಮಗು ಹಾಗೆ ನಗುತ್ತದೆಯೇ? ಕೇಳಿಸಿತು, ಹೆದರಲಿಲ್ಲ, ಅಷ್ಟೇ ಎಂದುಕೊಂಡೆವು.

ಅಂದುಕೊಂಡಿದ್ದಷ್ಟೇ ಅಲ್ಲ, ಮೆರೆದೆವು. ಹೊಸಪೇಟೆಯಿಂದ ಯಾರಾದರೂ ಬಂದರೆ ಯಜಮಾನರು ಅವರನ್ನು ಬಿಡುತ್ತಿರಲಿಲ್ಲ. "ಕುಂದ್ರಿ, ಕುಂದ್ರಿ, ಚಾ ಕುಡದು ಹೋಗೀರಂತ. ಈಗ ಬ್ಲಾಸ್ಟಿಂಗ್ ಆಗತೈತಿ, ನನ್ನ ಮಗಳನ್ನ ನೋಡ್ರಿ" ಎಂದು ಕೂರಿಸಿಕೊಳ್ಳುತ್ತಿದ್ದರು. ಢಂ ಎಂದಾಗ ಬಂದವರ ಚಹಾ ಪ್ಯಾಂಟಿನ ಮೇಲೆ ಚೆಲ್ಲುತ್ತಿತ್ತು, ಪಂಪಾ ನಗುತ್ತಿದ್ದಳು. "ಗಣಿ ಕೂಸ್ರೀ ಇದು. ಇದರ ಎದಿ ಕಬ್ಬಿಣದ್ದು" ಎಂದು ಅತ್ತೆ ಹಿಗ್ಗಿ, ಬಂದವರು ಹೋದ ಮೇಲೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆಯುತ್ತಿದ್ದರು. ಜಿರಲೆಗೆ ಮಂಚ ಹತ್ತುವ ನನ್ನಂಥವಳ ಹೊಟ್ಟೆಯಲ್ಲಿ ಇಂಥ ಗಟ್ಟಿ ಕೂಸು ಹೇಗೆ ಹುಟ್ಟಿತೋ ಎಂದು ನಾನೂ ಒಳಗೊಳಗೇ ಬೀಗುತ್ತಿದ್ದೆ.

ಕಂಪ್ಯೂಟರಿನ ಮುಂದೆ ಮಾತ್ರ ಆ ಹೆಮ್ಮೆ ಇಳಿಯತೊಡಗಿತು. ಒಂದೇ ಥರದ ಎರಡು ಚಿತ್ರ ಹುಡುಕುವ ಆಟ ಕೊಟ್ಟರೆ ಪಂಪಾ ಎಲ್ಲರಿಗಿಂತ ಮುಂದೆ. ಬಾಣ ಅವಳ ಕೈಯಲ್ಲಿ ಇರುವೆಯ ಹಾಗೆ ಸರಸರ ಓಡುತ್ತಿತ್ತು. ಆದರೆ ದನಿ ಕೇಳಿ ಉತ್ತರಿಸುವ ಆಟ ಬಂತೋ, ಕೆಟ್ಟಿತು. ಅದರಲ್ಲಿ ಒಂದು ಮೊಲ. ಅದು ಇಂಗ್ಲಿಷಿನಲ್ಲಿ 'ಕೆಂಪು ಚೆಂಡು ತೋರಿಸು' ಎನ್ನಬೇಕು, ಮಗು ಕೆಂಪು ಚೆಂಡು ಒತ್ತಬೇಕು. ಒತ್ತಿದರೆ ಮೊಲ ಜಿಗಿದು ಚಪ್ಪಾಳೆ ತಟ್ಟುತ್ತದೆ. ತಪ್ಪಿದರೆ ಕಿವಿ ಜೋಲು ಹಾಕುತ್ತದೆ. ಪಂಪಾ ಹಳದಿ ಒತ್ತುತ್ತಿದ್ದಳು, ನೀಲಿ ಒತ್ತುತ್ತಿದ್ದಳು, ಮೊಲದ ಕಿವಿ ಮತ್ತೆ ಮತ್ತೆ ಜೋಲುತ್ತಿತ್ತು. ಇಂಗ್ಲಿಷು ತಿಳಿಯುತ್ತಿಲ್ಲ ಪಾಪ ಎಂದು ನಾನು ಸಮಜಾಯಿಷಿ ಕೊಟ್ಟೆ. ನಿಜ ಹೇಳಬೇಕೆಂದರೆ ಆ ಮೊಲದ ಇಂಗ್ಲಿಷು ನನಗೂ ಅರ್ಧ ತಿಳಿಯುತ್ತಿರಲಿಲ್ಲ. ಆದರೆ ಮನೆಯಲ್ಲಿ ಬರೀ ತೆಲುಗು, ಬರೀ ಉರ್ದು ಆಡುವ ಮಕ್ಕಳೂ ಕೆಲವೇ ದಿನಗಳಲ್ಲಿ ಚಪ್ಪಾಳೆ ಗಿಟ್ಟಿಸತೊಡಗಿದವು. ಒಂದೊಂದು ಚಪ್ಪಾಳೆಗೂ ನನ್ನ ಎದೆ ಧಸಕ್ ಎನ್ನುತ್ತಿತ್ತು, ಅದು ನನ್ನ ಮಗಳದ್ದಲ್ಲ ಎಂದು.

ಜೂನಿನಲ್ಲಿ ಎಲ್.ಕೆ.ಜಿ.ಗೆ ಸೇರಿಸುವ ಮಾತು ಬಂದಾಗ ಶೈಲಾ ಮೇಡಂ ನನ್ನನ್ನು ಪಕ್ಕಕ್ಕೆ ಕರೆದರು. "ತಪ್ಪು ತಿಳ್ಕೋಬ್ಯಾಡ್ರಿ ಅಕ್ಕಾರ. ಈಕೀನ ಇನ್ನೊಂದು ವರ್ಷ ಮನ್ಯಾಗ ಇಟ್ಕೊಂಡ್ರ ಛಲೋ ಅನಸ್ತೈತಿ. ಹೇಳಿದ್ದು ತಲಿಗೆ ಹೋಗವಲ್ದು" ಎಂದರು. ತಲೆಗೆ ಹೋಗುತ್ತಿಲ್ಲ! ನನಗೆ ಕಂಪ್ಲಿಯ ಆ ಹೊಸ್ತಿಲು ಕಣ್ಣ ಮುಂದೆ ಬಂತು. ಮನೆಗೆ ಬಂದು ಯಾರಿಗೂ ಹೇಳದೆ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಅದಾದ ಕೆಲವು ದಿನಕ್ಕೆ ನಾನು ಎಂದಿನಂತೆ ಕ್ಲಬ್ಬಿನ ಕೋಣೆಯಲ್ಲಿ ಮೌಸಿನ ಕೊಳೆ ಕೆರೆಯುತ್ತಿದ್ದೆ. ಮಕ್ಕಳು ಮೊಲದ ಆಟದಲ್ಲಿದ್ದವು. ಎಲ್ಲ ಕಂಪ್ಯೂಟರಿನ ಸ್ಪೀಕರುಗಳ ಕರೆಂಟು ಹೋಗುತ್ತಿದ್ದದ್ದು ಒಂದೇ ಎಕ್ಸ್‌ಟೆನ್ಶನ್ ಬಾಕ್ಸಿನಿಂದ. ಏಳುವಾಗ ನನ್ನ ಕಾಲು ಅದರ ವಯರಿಗೆ ಸಿಕ್ಕಿ ಪ್ಲಗ್ಗು ಕಿತ್ತು ಬಂತು. ಕೋಣೆ ಒಮ್ಮೆಲೇ ಮೌನವಾಯಿತು. "ಮಿಸ್, ಸೌಂಡ್ ಇಲ್ರಿ! ಮಿಸ್, ಮೊಲ ಮಾತಾಡವಲ್ದ್ರಿ!" ಎಂದು ಮಕ್ಕಳೆಲ್ಲ ಮೌಸು ಬಿಟ್ಟು ತಿರುಗಿ ಕೂಗತೊಡಗಿದವು.

ಒಂದು ಮಗು ಮಾತ್ರ ತಿರುಗಲಿಲ್ಲ.

ಪಂಪಾ ಆಡುತ್ತಲೇ ಇದ್ದಳು. ಹಳದಿ ಒತ್ತಿದಳು, ಮೊಲದ ಕಿವಿ ಜೋತಿತು. ನೀಲಿ ಒತ್ತಿದಳು, ಜೋತಿತು. ಕೆಂಪು ಒತ್ತಿದಳು, ಮೊಲ ಜಿಗಿಯಿತು, ಅವಳೂ ಕುರ್ಚಿಯಲ್ಲೇ ಜಿಗಿದಳು. ಸದ್ದು ಇದ್ದಾಗಲೂ ಅವಳು ಆಡುತ್ತಿದ್ದದ್ದು ಇದೇ ಆಟ. ಒಂದೊಂದಾಗಿ ಒತ್ತುತ್ತ ಹೋಗುವುದು, ಮೊಲ ಯಾವಾಗ ಜಿಗಿಯುತ್ತದೋ ನೋಡುವುದು. ಅದು ಮಾತಾಡುತ್ತದೆ ಎಂಬುದೇ ಅವಳಿಗೆ ಗೊತ್ತಿರಲಿಲ್ಲ. ನಾನು ವಯರು ಹಿಡಿದುಕೊಂಡೇ ಅವಳ ಹಿಂದೆ ಹೋಗಿ ನಿಂತು "ಪಂಪಾ" ಎಂದೆ. ಇನ್ನೊಮ್ಮೆ ಜೋರಾಗಿ ಕರೆದೆ. ಮೂರನೆಯ ಸಲ ನಾನು ಕಿರುಚಿದೆನಂತೆ, ಆಮೇಲೆ ಶೈಲಾ ಮೇಡಂ ಹೇಳಿದರು. ಮಕ್ಕಳು ಹೆದರಿ ಅಳತೊಡಗಿದವು. ನನ್ನ ಮಗಳು ಹಳದಿ ಚೆಂಡು ಒತ್ತಿದಳು.

ಮನೆಗೆ ಹೇಗೆ ಬಂದೆನೋ ನೆನಪಿಲ್ಲ. ಅನ್ನ ಬಡಿಸಿದ ಅತ್ತೆಗೂ ಏನೂ ಹೇಳಲಿಲ್ಲ. ಬ್ಲಾಸ್ಟಿಂಗಿನ ಹೊತ್ತಿಗೆ ಕಾದೆ. ಸೈರನ್ ಕೂಗಿತು. ಅಷ್ಟು ದಿನ ಯಾರೂ ಗಮನಿಸದ ಸಂಗತಿಯನ್ನು ಆಗ ಗಮನಿಸಿದೆ: ಸೈರನ್ನಿಗೆ ಅವಳು ತಲೆಯನ್ನೇ ಎತ್ತಲಿಲ್ಲ. ಅದು ನೆಲ ನಡುಗಿಸುವುದಿಲ್ಲವಲ್ಲ. ಬ್ಲಾಸ್ಟಿಂಗಿಗೆ ಮೊದಲು ನಾನು ಅವಳನ್ನು ನೆಲದಿಂದ ಎತ್ತಿ ಸೊಂಟದ ಮೇಲೆ ಕೂರಿಸಿಕೊಂಡೆ. ದೇವರೇ, ಈಗ ಅಳಲಿ, ಬೆಚ್ಚಲಿ, ಎಲ್ಲರಿಗಿಂತ ಮಹಾ ಪುಕ್ಕಲು ಎನಿಸಿಕೊಳ್ಳಲಿ ಎಂದು ಬೇಡಿಕೊಂಡೆ. ಢಂ ಎಂದಿತು. ತಟ್ಟೆಗಳು ಗಲಗಲ ಎಂದವು. ಪಂಪಾ ನಗಲೂ ಇಲ್ಲ. ಬೆಚ್ಚಿದ್ದು ನಾನು, ಅಮ್ಮ ಯಾಕೆ ಹೀಗೆ ಅದುರಿದಳು ಎಂದು ಅವಳು ನನ್ನ ಮುಖ ನೋಡಿದಳು.

ಸಂಜೆ ಯಜಮಾನರಿಗೆ ಹೇಳಿದರೆ ಸಿಟ್ಟಿಗೆದ್ದರು. "ಸುಮ್ಕಿರು ನೀನು. ಏನರ ಒಂದು ತಲ್ಯಾಗ ಹೊಕ್ಕರ ಬಿಡಂಗಿಲ್ಲ. ಇಡೀ ಕಾಲೊನಿ ನೋಡೇತಿ ನನ್ನ ಮಗಳನ್ನ" ಎಂದರು. ಆಮೇಲೆ ಅವಳ ಹಿಂದೆ ಹೋಗಿ ನಿಂತು, ಮೆಲ್ಲಗೆ ಒಂದು ಚಪ್ಪಾಳೆ ತಟ್ಟಿದರು. ಮತ್ತೆ ತಟ್ಟಿದರು. ತಟ್ಟುತ್ತ ತಟ್ಟುತ್ತ ಅಲ್ಲೇ ನೆಲಕ್ಕೆ ಕೂತುಬಿಟ್ಟರು. ಅತ್ತೆ ಬಜೆ ತೇಯುವ ಕಲ್ಲನ್ನು ತೊಳೆದು ಒಳಗಿಟ್ಟರು. ಮರುದಿನವೇ ಬಳ್ಳಾರಿಗೆ ಹೋದೆವು. ಅಲ್ಲಿಯ ಡಾಕ್ಟರು ಹೇಳಿದ್ದು ನಮಗೆ ಹೊಸದೇನೂ ಆಗಿರಲಿಲ್ಲ.

ಬುದ್ಧಿ ಚೆನ್ನಾಗಿದೆ, ಕಿವಿ ಮಾತ್ರ ಎಂದು ತಿಳಿದ ಮೇಲೆ ಹಳೆಯ ಹೆದರಿಕೆ ಹೋಗಬೇಕಿತ್ತು. ಹೋಗಲಿಲ್ಲ, ಜಾಗ ಬದಲಿಸಿತು. ನಮ್ಮ ರಸ್ತೆಯ ಲಾರಿಗಳನ್ನು ನೆನಪಿಸಿಕೊಳ್ಳಿ. ಹಾರನ್ ಹೊಡೆದರೆ ಜನ ಸರಿಯುತ್ತಾರೆ ಎಂಬ ನಂಬಿಕೆಯ ಮೇಲೇ ಅವು ಓಡುತ್ತಿದ್ದವು. ನನ್ನ ಮಗಳು ಸರಿಯುವುದಿಲ್ಲ! ಆ ಕೆಂಪು ಧೂಳಿನಲ್ಲಿ ಡ್ರೈವರನಿಗೆ ಇವಳು ಕಾಣುವುದಿಲ್ಲ, ಇವಳಿಗೆ ಅವನು ಕೇಳುವುದಿಲ್ಲ. ಹಂಪಿ ಬಜಾರಿಗೆ ಹೋದರೂ ಅಷ್ಟೇ, ಹಿಂದಿನಿಂದ ಯಾವ ಆಟೋ ಬರುತ್ತದೋ ಎಂದು ನಾನು ದೇವರ ಕಡೆಗೆ ಬೆನ್ನು ಮಾಡಿಯೇ ನಡೆಯುತ್ತಿದ್ದೆ. ಮಣಿಕಟ್ಟು ಕೆಂಪಾಗುವ ಹಾಗೆ ಅವಳ ಕೈ ಹಿಡಿಯುತ್ತಿದ್ದೆ. ದೊಡ್ಡವಳಾದ ಮೇಲೂ ಬಿಡದಿದ್ದಾಗ ಒಮ್ಮೆ ನನ್ನ ಕೈಗೇ ಕಚ್ಚಿದಳು.

ಕಿವಿಗೆ ಮಶೀನು ಹಾಕಿಸಿದೆವು, ಹೆಚ್ಚಿನ ಉಪಯೋಗವಾಗಲಿಲ್ಲ. ದೂರದ ಊರಿನ ಕಿವುಡ ಮಕ್ಕಳ ಶಾಲೆಗೆ ಸೇರಿಸಿ, ಆ ಊರಿನಲ್ಲೇ ಒಂದು ಕೋಣೆ ಹಿಡಿದು ನಾನೂ ಇದ್ದೆ. ಅವಳು ಕೈಮಾತು ಬೇಗ ಕಲಿತಳು. ನಾನು ಕಲಿಯುವಷ್ಟರಲ್ಲಿ ಅವಳ ಗೆಳತಿಯರೆಲ್ಲ ನಕ್ಕು ಸುಸ್ತಾದರು. ಅಡುಗೆ ಆಯಿತು ಎನ್ನಲು ಹೋಗಿ ಮದುವೆ ಆಯಿತು ಎಂದು ಹೇಳಿದ್ದೂ ಉಂಟು. ಈಗ ಅವಳು ಹೊಸಪೇಟೆಯ ಒಂದು ಪ್ರೆಸ್ಸಿನಲ್ಲಿ ಮದುವೆ ಕಾರ್ಡುಗಳನ್ನು ಕಂಪ್ಯೂಟರಿನಲ್ಲಿ ರೂಪಿಸುತ್ತಾಳೆ. ಅಳಿಯ ಅದೇ ಶಾಲೆಯಲ್ಲಿ ಓದಿದವನು. ಅವಳಿಗೆ ಬಸುರು ನಿಂತ ದಿನ ಇಬ್ಬರೂ ಕುಣಿದರು. ನಾನು ದೇವರ ಮುಂದೆ ಕೂತು, ಕೇಳುವ ಕೂಸನ್ನು ಕೊಡು ಎಂದೆ. ಇದನ್ನು ನಾನು ಮಗಳಿಗೆ ಹೇಳಿಲ್ಲ, ನೀವೂ ಹೇಳಬೇಡಿ.

ಇಗೋ, ಬಾಗಿಲು ತೆರೆಯಿತು.

ಪಂಪಾ ಮಗುವನ್ನು ಎದೆಗೆ ಒರಗಿಸಿಕೊಂಡು ಬಂದಳು. ಒಳಗೆ ಅಳಿಯ ಚೀಟಿಯ ಮೇಲೆ ಬರೆದು ಡಾಕ್ಟರನ್ನು ಏನೋ ಕೇಳುತ್ತಿದ್ದಾನೆ. ನಾನು ಮಗಳ ಮುಖ ನೋಡಿದೆ. ರಕ್ತವಿಲ್ಲ. ಆಯಿತು, ಇಷ್ಟೇ ಎಂದುಕೊಂಡೆ. ಅವಳು ನನ್ನ ಪಕ್ಕ ಕೂತು, ಮಗುವನ್ನು ನನ್ನ ತೊಡೆಯ ಮೇಲೆ ಮಲಗಿಸಿದಳು. ಮಾತಾಡಬೇಕಾದರೆ ಅವಳಿಗೆ ಕೈ ಖಾಲಿ ಇರಬೇಕು. ಅವಳ ಕೈಮಾತಿಗೆ ಯಾವ ಊರಿನ ಕನ್ನಡ ಹಾಕಲಿ? ನಮ್ಮ ಮನೆಯದನ್ನೇ ಹಾಕಿದ್ದೇನೆ.

"ಕೇಳತೈತಂತ" ಎಂದಳು. "ಎರಡೂ ಕಿವಿ."

ನನಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಎದುರಿಗೆ ಕೂತವರೆಲ್ಲ ನೋಡುತ್ತಿದ್ದರು, ನೋಡಲಿ ಎಂದು ಬಿಟ್ಟೆ. ಕಣ್ಣೊರೆಸಿಕೊಂಡು ನೋಡಿದರೆ ಮಗಳ ಮುಖ ಹಾಗೇ ಇದೆ.

"ಮತ್ಯಾಕ ಹಿಂಗ ಕುಂತಿ?" ಎಂದೆ.

ಅವಳು ಮಲಗಿದ್ದ ಮಗುವಿನ ಹೊದಿಕೆ ಸರಿಮಾಡಿದಳು. ಆಮೇಲೆ ಹೇಳಿದಳು. "ನೀವೆಲ್ಲ ಇವಗ ಮಾತು ಕಲಸ್ತೀರಿ. ಒಂದಿನ ಇವನು ನನ್ನ ಬೆನ್ನ ಹಿಂದ ನಿಂತು ಅಮ್ಮಾ ಅಂತ ಕರೀತಾನ. ನಾನು ತಿರುಗಂಗಿಲ್ಲ. ಮತ್ತ ಕರೀತಾನ. ಆಗ?"

ಇಷ್ಟು ವರ್ಷ ಹೆದರುವುದನ್ನೇ ಕಸುಬು ಮಾಡಿಕೊಂಡಿದ್ದೇನೆ, ಇದೊಂದು ಮಾತ್ರ ನನಗೆ ಹೊಳೆದಿರಲಿಲ್ಲ. ಕೇಳುವ ಕೂಸನ್ನು ಬೇಡುವಾಗ ನಾನು ನನ್ನ ಎದೆ ಹಗುರಾಗುವುದನ್ನಷ್ಟೇ ಬೇಡಿದ್ದೆ. ಗಣಿಯ ಸಿಡಿತಕ್ಕೆ ನಕ್ಕ ಹುಡುಗಿ ಇವತ್ತು ಮೊದಲ ಸಲ ಹೆದರಿದ್ದಾಳೆ, ಇನ್ನೂ ಬಾಯಿಗೆ ಬಾರದ ಒಂದು ಮಾತಿಗೆ.

"ಬಂದು ಮುಟ್ಟತಾನ. ಅಷ್ಟು ತಿಳಿಯಂಗಿಲ್ಲೇನು ಮಕ್ಕಳಿಗೆ?" ಎಂದೆ. ಅವಳು ಹುಬ್ಬು ಗಂಟಿಕ್ಕಿದಳು, ತಿಳಿಯಲಿಲ್ಲ ಎಂದು ತಲೆಯಾಡಿಸಿದಳು. ನೋಡಿಕೊಂಡರೆ ನನ್ನ ಕೈಗಳು ಗಡಗಡ ನಡುಗುತ್ತಿವೆ. ಕೈ ನಡುಗಿದರೆ ನಮ್ಮ ಮಾತು ತೊದಲುತ್ತದೆ. ಪಂಪಾ ನನ್ನ ಎರಡೂ ಮಣಿಕಟ್ಟುಗಳನ್ನು ಹಿಡಿದಳು. ನಡುಕ ನಿಲ್ಲುವವರೆಗೂ ಹಿಡಿದಿದ್ದು, ಮೆಲ್ಲಗೆ ಬಿಟ್ಟು, ಇನ್ನೊಮ್ಮೆ ಹೇಳು ಎಂದಳು.

ಇನ್ನೊಮ್ಮೆ ಹೇಳಿದೆ.